ಪೌತಿ ಖಾತೆಯ ಕಾಗದದಲ್ಲಿ ಕಂಡ ಕಲ್ಯಾಣ

ಆತ್ಮೀಯ ಸದಸ್ಯರೇ,

ಇತಿಹಾಸ, ಸಾಹಿತ್ಯ, ಕಾನೂನು, ಕಲೆ ಯಾವುದೇ ಇರಲಿ, ಬಹುಕಾಲದಿಂದ ಮನಸ್ಸಿನಲ್ಲಿ ಉಳಿದುಬಿಟ್ಟಿರುವ ಪ್ರಶ್ನೆಯೊಂದನ್ನು ಬರೆದು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದವುಗಳಲ್ಲಿ ಬಹುಪಾಲು ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆಯ ಸದಸ್ಯರವೇ ಎಂಬುದು ಈ ಸಂಪಾದಕನ ಊರಭಿಮಾನಕ್ಕೆ ಹಿತವಾಗಿದೆ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ಬಯಲು ಅಂಗಳವೇ ಇಲ್ಲದಂತೆ ಪೂರ್ತಿ ಮಾಡು ಹೊದಿಸಿದ್ದೇಕೆ ಎಂದು ಒಬ್ಬರು ಕೇಳಿದ್ದಾರೆ. ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಇಡ್ಲಿಯ ಪ್ರಸ್ತಾಪವಿದೆಯಂತೆ, ನಿಜವೇ ಎಂದು ಇನ್ನೊಬ್ಬರು ಕೇಳಿದ್ದಾರೆ. ನಿಜ; ಆದರೆ ಅಲ್ಲಿಯ ‘ಇಡ್ಡರಿಕಾ’ ಉದ್ದಿನದು, ಅದಕ್ಕೆ ಅಕ್ಕಿ ಬೀಳುವುದಿಲ್ಲ, ಆದ್ದರಿಂದ ನಮ್ಮ ಬೆಳಗಿನ ತಟ್ಟೆಯ ಇಡ್ಲಿಗೂ ಅದಕ್ಕೂ ಇರುವುದು ಹೆಸರಿನ ನಂಟೇ ಹೆಚ್ಚು. ಮಸೀದಿಯ ಪ್ರಶ್ನೆ ಮುಂದಿನ ಸಂಚಿಕೆಗಿರಲಿ. ಈ ಪುಟವನ್ನೆಲ್ಲ ಹಿಡಿದದ್ದು ಮೂರನೆಯ ಪ್ರಶ್ನೆ: ಬಸವಕಲ್ಯಾಣದಲ್ಲಿ ಕುಳಿತು ಬರೆದ ಒಂದು ಸಂಸ್ಕೃತ ಗ್ರಂಥವು ಬಿಹಾರದ ರೈತನ ಹೊಲವನ್ನೂ ಚಿತ್ತಾಪುರದ ರೈತನ ಹೊಲವನ್ನೂ ಹಂಚಿಕೊಟ್ಟಿತಲ್ಲ, ಬಂಗಾಳದವರು ಮಾತ್ರ ಅದರಿಂದ ಹೊರಗುಳಿದದ್ದು ಹೇಗೆ?

ಈ ಪ್ರಶ್ನೆ ಕೈ ಸೇರಿದ ವಾರವೇ ನಾನು ರಜೆ ಹಾಕಿ ಊರಿಗೆ ಹೊರಟಿದ್ದೆ. ಹೋದದ್ದು ಹೊಲದ ಪಾಲು ಮಾಡಿಕೊಳ್ಳಲಿಕ್ಕೆ. ಅಪ್ಪ ತೀರಿಕೊಂಡು ಮೂರು ವರ್ಷವಾಗಿದ್ದರೂ ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇತ್ತು. ಪೌತಿ ಖಾತೆ ಮಾಡಿಸಿಕೊಳ್ಳದಿದ್ದರೆ ಬೆಳೆ ಸಾಲಕ್ಕೂ ವಿಮೆಗೂ ತೊಂದರೆ ಎಂದು ಅಣ್ಣ ಎರಡು ಸಲ ಫೋನು ಮಾಡಿದ್ದ. ಹನ್ನೊಂದು ಎಕರೆ ಎರೆ ಭೂಮಿ, ಅದರಲ್ಲಿ ಎಂಟು ಎಕರೆ ತೊಗರಿ. ಗಂಡುಮಕ್ಕಳು ಇಬ್ಬರು, ನಮ್ಮಿಬ್ಬರಿಗಿಂತ ಹಿರಿಯಳಾಗಿ ಯಾದಗಿರಿಗೆ ಕೊಟ್ಟ ಅಕ್ಕ ಒಬ್ಬಳು. ತಾಲ್ಲೂಕಿನ ಪತ್ರ ಬರಹಗಾರರೊಬ್ಬರು ಎಲ್ಲವನ್ನೂ ಸಿದ್ಧಮಾಡಿಟ್ಟಿದ್ದರು. ಆ ಕಾಗದಗಳ ನಡುವೆ ಅಕ್ಕನ ಹೆಸರಿನಲ್ಲಿ ಒಂದು ಹಕ್ಕು ಬಿಡುಗಡೆ ಪತ್ರವೂ ಇತ್ತು. ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಅದು ಕೇಳದೆಯೇ ಬರೆಯುವ ಪತ್ರ.

ಈಗ ಪ್ರಶ್ನೆಗೆ ಬರುತ್ತೇನೆ. ಕಲ್ಯಾಣವೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಬಸವಣ್ಣನವರು ಮತ್ತು ಶರಣರು. ಅವರಿಗಿಂತ ಕೆಲವೇ ದಶಕಗಳ ಹಿಂದೆ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಊರಿನಲ್ಲಿ ವಿಜ್ಞಾನೇಶ್ವರನೆಂಬ ವಿದ್ವಾಂಸ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವೊಂದನ್ನು ಬರೆದ. ಅದರ ಹೆಸರು ‘ಮಿತಾಕ್ಷರಾ’, ಎಂದರೆ ಅಳೆದು ಇಟ್ಟ ಅಕ್ಷರಗಳದು. ತಾನು ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟೋಪಾಧ್ಯಾಯರ ಮಗನೆಂದು ಆತನೇ ಹೇಳಿಕೊಂಡಿದ್ದಾನೆ. ನಮ್ಮ ಜಿಲ್ಲೆಯ ಮರ್ತೂರಿನವರು ಆತನನ್ನು ತಮ್ಮೂರಿನ ಮಗನೆಂದೇ ಎಣಿಸುತ್ತಾರೆ. ಗ್ರಂಥವೆಲ್ಲ ಮುಗಿದ ಮೇಲೆ, ಅಲ್ಲಿಯವರೆಗೆ ಅಕ್ಷರಕ್ಕೆ ಅಕ್ಷರ ಅಳೆದು ಬರೆದವನು ಒಂದೇ ಕಡೆ ಕೈಬಿಚ್ಚುತ್ತಾನೆ: ಕಲ್ಯಾಣದಂಥ ಪಟ್ಟಣ ಈ ನೆಲದ ಮೇಲೆ ಇರಲಿಲ್ಲ, ಇಲ್ಲ, ಮುಂದೆ ಇರುವುದೂ ಇಲ್ಲ, ವಿಕ್ರಮಾರ್ಕನಂಥ ದೊರೆಯನ್ನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ಆ ದೊರೆಯಾದರೋ ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ಸಿಂಹಾಸನವೇರಿದವನು. ಅಣ್ಣತಮ್ಮಂದಿರ ಪಾಲುಗಳನ್ನು ಕೂದಲು ಸೀಳಿದಂತೆ ಹಂಚಿದ ಗ್ರಂಥವು ಅಣ್ಣನ ಪಾಲನ್ನೆಲ್ಲ ತಾನೇ ತೆಗೆದುಕೊಂಡ ತಮ್ಮನ ಆಸ್ಥಾನದಲ್ಲಿ ಹುಟ್ಟಿತು. ‘ದಾಯಾದಿ’ ಎಂಬ ಮಾತಿಗೆ ಆಸ್ತಿಯಲ್ಲಿ ಪಾಲುಳ್ಳವನೆಂಬುದು ಮೂಲಾರ್ಥವಾದರೂ ಕನ್ನಡದಲ್ಲಿ ಅದರ ಹಿಂದೆಯೇ ‘ಮತ್ಸರ’ ಎಂಬ ಪದ ಏಕೆ ಬರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗ್ರಂಥದ ತಿರುಳು ಒಂದು ಹಳೆಯ ಚರ್ಚೆಯಲ್ಲಿದೆ. ಮಗನಿಗೆ ಪಿತ್ರಾರ್ಜಿತ ಆಸ್ತಿಯ ಮೇಲೆ ಒಡೆತನ ಬರುವುದು ಯಾವಾಗ, ಹುಟ್ಟಿದಾಗಲೋ ಅಥವಾ ತಂದೆ ಸತ್ತಾಗಲೋ? ಹುಟ್ಟಿದಾಗಲೇ ಎಂದು ವಿಜ್ಞಾನೇಶ್ವರ ನಿರ್ಣಯಿಸುತ್ತಾನೆ. ಆದ್ದರಿಂದ ತಂದೆಯು ಹಿರಿಯರ ಹೊಲವನ್ನು ತನ್ನ ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ಬಂಗಾಳದ ಜೀಮೂತವಾಹನನು ‘ದಾಯಭಾಗ’ದಲ್ಲಿ ಇದಕ್ಕೆ ಎದುರಾದ ಮಾತನ್ನು ಹೇಳುತ್ತಾನೆ: ತಂದೆ ಬದುಕಿರುವವರೆಗೆ ಒಡೆತನವೆಲ್ಲ ಅವನದೇ, ಅವನು ಹೋದ ಮೇಲೆಯೇ ಮಕ್ಕಳದು. ಯಾರು ವಾರಸುದಾರರು ಎಂಬುದರಲ್ಲಿಯೂ ಇಬ್ಬರ ದಾರಿ ಬೇರೆ. ಹತ್ತಿರದ ನಂಟರನ್ನು ಹೇಳುವ ಸಪಿಂಡ ಎಂಬಲ್ಲಿನ ‘ಪಿಂಡ’ವನ್ನು ಜೀಮೂತವಾಹನ ಶ್ರಾದ್ಧದ ಅನ್ನದ ಉಂಡೆಯೆಂದು ತಿಳಿದರೆ, ವಿಜ್ಞಾನೇಶ್ವರ ಅದನ್ನು ಶರೀರವೆಂದು ತಿಳಿಯುತ್ತಾನೆ. ಒಬ್ಬರಿಗೆ ಪಿಂಡವಿಡುವ ಅಧಿಕಾರದಿಂದ ನಂಟು, ಇನ್ನೊಬ್ಬರಿಗೆ ಮೈಯ ಕಣಗಳ ಹಂಚಿಕೆಯಿಂದ ನಂಟು. ಮದುವೆಗೆ ಸಪಿಂಡ ಸಂಬಂಧ ಕೂಡದೆಂಬ ನಿಯಮ ಇಂದಿನ ಕಾಯ್ದೆಯಲ್ಲಿಯೂ ಉಳಿದಿದೆ. ರೂಢಿ ಒಪ್ಪಿದರೆ ವಿನಾಯಿತಿ ಉಂಟು ಎಂದು ಅದೇ ಕಾಯ್ದೆ ಹೇಳಿರದಿದ್ದರೆ ಅಕ್ಕನ ಮಗಳನ್ನು ತಂದುಕೊಂಡ ನಮ್ಮ ಎಷ್ಟೋ ಮನೆಗಳ ಗತಿ ಕಷ್ಟವಾಗುತ್ತಿತ್ತು.

ಈ ಚರ್ಚೆಯ ನಡುವೆ ವಿಜ್ಞಾನೇಶ್ವರ ಎತ್ತುವ ಒಂದು ವಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಒಡೆತನವೆಂಬುದು ಶಾಸ್ತ್ರದಿಂದ ತಿಳಿಯತಕ್ಕದ್ದೋ ಲೋಕದಿಂದಲೋ ಎಂದು ಪ್ರಶ್ನೆ ಬಂದಾಗ ಆತ ಲೋಕದಿಂದಲೇ ಎನ್ನುತ್ತಾನೆ. ಅದಕ್ಕೆ ಕೊಡುವ ಕಾರಣ, ಶಾಸ್ತ್ರದ ವ್ಯವಹಾರವನ್ನೇ ಕಾಣದ ಗಡಿಸೀಮೆಯ ಜನರಲ್ಲಿಯೂ ಇದು ನನ್ನದು, ಅದು ನಿನ್ನದು ಎಂಬುದು ನಡೆಯುತ್ತದೆ, ಏಕೆಂದರೆ ಅವರು ಕೊಳ್ಳುತ್ತಾರೆ, ಮಾರುತ್ತಾರೆ ಎಂಬುದು. ಸ್ಮೃತಿಗೆ ವ್ಯಾಖ್ಯಾನ ಬರೆಯಲು ಕುಳಿತ ಸಂನ್ಯಾಸಿಯೆಂದು ಪ್ರಸಿದ್ಧನಾದವನು ಸಂತೆಯನ್ನು ಸಾಕ್ಷಿಗೆ ಕರೆಯುತ್ತಾನೆ.

ಗ್ರಂಥ ಕಲ್ಯಾಣದಿಂದ ಹೊರಟದ್ದು ಹೇಗೆ? ಆ ಕಾಲದ ವಿದ್ವಾಂಸರು ಓಡಾಡುವ ಜನ. ವಿಕ್ರಮಾದಿತ್ಯನ ಚರಿತೆಯನ್ನು ಕಾವ್ಯವಾಗಿಸಿದ ಬಿಲ್ಹಣ ಕಾಶ್ಮೀರದಿಂದ ಇಲ್ಲಿಗೆ ಬಂದವನು. ಬರುವವರಿದ್ದಂತೆ ಹೋಗುವವರೂ ಇರುತ್ತಾರೆ, ಅವರ ಗಂಟಿನಲ್ಲಿ ತಾಳೆಗರಿಗಳೂ ಇರುತ್ತವೆ. ಕಾಶಿಯ ಪಂಡಿತರು ಮಿತಾಕ್ಷರೆಯನ್ನು ತಮ್ಮದಾಗಿಸಿಕೊಂಡರು. ವ್ಯಾಖ್ಯಾನಕ್ಕೆ ವ್ಯಾಖ್ಯಾನಗಳು ಹುಟ್ಟಿದವು: ವಿಶ್ವೇಶ್ವರನ ‘ಸುಬೋಧಿನೀ’ ಒಂದು, ಲಕ್ಷ್ಮೀದೇವಿ ಎಂಬ ಹೆಣ್ಣುಮಗಳ ಹೆಸರಿನಲ್ಲಿ ಇರುವ ‘ಬಾಲಂಭಟ್ಟೀ’ ಮತ್ತೊಂದು. ಆದರೂ ಇದು ಪಂಡಿತರ ಮಾತಾಗಿದ್ದದ್ದು ಕೋರ್ಟಿನ ಕಾನೂನಾದದ್ದು ಕಂಪನಿಯ ಕಾಲದಲ್ಲಿ. ಹಿಂದೂಗಳ ಉತ್ತರಾಧಿಕಾರ, ಮದುವೆ ಮುಂತಾದವನ್ನು ಅವರ ಶಾಸ್ತ್ರದಂತೆಯೇ ತೀರ್ಮಾನಿಸಬೇಕೆಂದು 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಗೊತ್ತುಮಾಡಿದ. 1810ರಲ್ಲಿ ಕೋಲ್‌ಬ್ರೂಕ್ ದಾಯಭಾಗವನ್ನೂ ಮಿತಾಕ್ಷರೆಯ ದಾಯವಿಭಾಗದ ಪ್ರಕರಣವನ್ನೂ ಇಂಗ್ಲಿಷಿಗೆ ತಂದು ಒಟ್ಟಿಗೆ ಪ್ರಕಟಿಸಿದ. ಸಂಸ್ಕೃತ ಬಾರದ ನ್ಯಾಯಾಧೀಶನ ಮೇಜಿನ ಮೇಲೆ ಕೈಗೆಟಕುವಂತೆ ಇದ್ದದ್ದು ಈ ಎರಡು ಗ್ರಂಥಗಳು. ಬಂಗಾಳ, ಅಸ್ಸಾಮುಗಳಲ್ಲಿ ಮೊದಲೇ ಬೇರೂರಿದ್ದ ದಾಯಭಾಗ ಅಲ್ಲಿಗೆ ನಿಂತಿತು, ಉಳಿದ ಬಹುತೇಕ ನಾಡಿಗೆ ಮಿತಾಕ್ಷರೆ ಎಂದಾಯಿತು. ನಮ್ಮ ಸದಸ್ಯರ ಪ್ರಶ್ನೆಗೆ ನೇರವಾದ ಉತ್ತರ ಇಷ್ಟೇ: ಎರಡು ವಿದ್ವತ್ ಪರಂಪರೆಗಳ ನಡುವಿನ ಭಿನ್ನಾಭಿಪ್ರಾಯವನ್ನು ಪರಕೀಯ ಕೋರ್ಟು ಎರಡು ಪ್ರಾಂತಗಳ ನಡುವಿನ ಗಡಿಯಾಗಿಸಿತು.

ಆ ಕೋರ್ಟಿನಲ್ಲಿ ಕಳೆದುಹೋದದ್ದೂ ಇದೆ, ಮತ್ತು ಕಳೆದುಹೋದದ್ದು ಹೆಣ್ಣುಮಕ್ಕಳ ಪಾಲಿನದು. ಸ್ತ್ರೀಧನವನ್ನು ಎಣಿಸುವಾಗ ಯಾಜ್ಞವಲ್ಕ್ಯನು ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದನ್ನು ಹೇಳಿ ‘ಆದ್ಯ’, ಎಂದರೆ ಮುಂತಾದುದು, ಎಂದು ನಿಲ್ಲಿಸುತ್ತಾನೆ. ವಿಜ್ಞಾನೇಶ್ವರ ಆ ಒಂದು ಪದವನ್ನು ಬಿಡಿಸಿ ಹೆಣ್ಣಿಗೆ ವಾರಸಿನಿಂದ ಬಂದದ್ದು, ಆಕೆ ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲವೂ ಆಕೆಯ ಸ್ವಂತದ್ದೆಂದು ಬರೆದ. ಆಗ ಇಲ್ಲಿಯ ಮೊಕದ್ದಮೆಗಳಿಗೂ ಕೊನೆಯ ಮೇಲ್ಮನವಿಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಪೂರ್ತಿಯಾಗಿ ಒಪ್ಪದೆ, ವಾರಸಿನಿಂದ ಬಂದ ಆಸ್ತಿಯ ಮೇಲೆ ಹೆಣ್ಣಿಗೆ ಜೀವಿತಾವಧಿಯ ಸೀಮಿತ ಹಕ್ಕು ಮಾತ್ರ ಎಂದು ಹಿಡಿದುಬಿಟ್ಟಿತು. ಅದನ್ನು ಸರಿಪಡಿಸಲಿಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮು ಬರಬೇಕಾಯಿತು. ಗಂಡುಮಕ್ಕಳು ಪಾಲು ಮಾಡಿಕೊಳ್ಳುವಾಗ ಮದುವೆಯಾಗದ ತಂಗಿಗೆ ಕಾಲು ಭಾಗ ಕೊಡಬೇಕೆಂಬ ಸ್ಮೃತಿವಚನವನ್ನು ಮದುವೆಯ ಖರ್ಚೆಂದು ತೇಲಿಸದೆ ನಿಜವಾದ ಪಾಲೆಂದೇ ಹೇಳಿದವನೂ ಆತನೇ. ಆತನನ್ನು ಇಂದಿನ ಸಮಾನತೆಯ ವಕೀಲನೆಂದು ಹೊಗಳುವುದು ತಪ್ಪಾದೀತು, ಏಕೆಂದರೆ ಹುಟ್ಟಿನಿಂದ ಬರುವ ಹಕ್ಕು ಆತನಲ್ಲಿ ಗಂಡುಮಕ್ಕಳಿಗೇ. ಆದರೆ ಆತನ ಹೆಸರಿನಲ್ಲಿ ನಾವು ನಡೆಸಿಕೊಂಡು ಬಂದದ್ದು ಆತ ಬರೆದದ್ದಕ್ಕಿಂತ ಇಕ್ಕಟ್ಟಾದದ್ದು ಎಂಬುದೂ ಅಷ್ಟೇ ನಿಜ.

1956ರ ಕಾಯ್ದೆ ಬಂದರೂ ಒಟ್ಟು ಕುಟುಂಬದ ಹುಟ್ಟುಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. 1994ರಲ್ಲಿ ಕರ್ನಾಟಕ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ನಮ್ಮ ಅಕ್ಕನ ಮದುವೆ 1991ರಲ್ಲಿ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಏಕೆಂದರೆ ಈ ಹಕ್ಕು ಬರುವುದು ತಂದೆಯ ಸಾವಿನಿಂದಲ್ಲ, ಮಗಳ ಹುಟ್ಟಿನಿಂದ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ಕಲ್ಯಾಣದಲ್ಲಿ ಗಂಡುಮಗನಿಗೆಂದು ಹೊಸೆದ ವಾದವೇ ಒಂಬತ್ತು ನೂರು ವರ್ಷಗಳ ಮೇಲೆ ದಿಲ್ಲಿಯಲ್ಲಿ ಹೆಣ್ಣುಮಗಳಿಗೆ ಒದಗಿತು. ಬಂಗಾಳದವರ ವಾದವನ್ನು ಹಿಡಿದಿದ್ದರೆ ಆ ತೀರ್ಪನ್ನು ಈ ಮಾತಿನಲ್ಲಿ ಬರೆಯಲು ಬರುತ್ತಿರಲಿಲ್ಲ.

ಇಷ್ಟನ್ನೆಲ್ಲ ತಲೆಯಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕಾಗದಗಳನ್ನು ಹರಡಿಕೊಂಡು ಕುಳಿತಾಗ ನನಗೆ ಮೊದಲು ಕಂಡದ್ದು ಭಾಷೆ. ‘ಪೌತಿ’ ಅರಬ್ಬಿಯ ‘ಫೌತ್’, ಎಂದರೆ ಸಾವು. ‘ಹಕ್ಕು’ ಅರಬ್ಬಿ, ‘ಕಬ್ಜೆ’ ಅರಬ್ಬಿ, ‘ವಾರಸುದಾರ’ದಲ್ಲಿ ವಾರಸು ಅರಬ್ಬಿಯದು, ದಾರ ಪಾರ್ಸಿಯದು; ಬಹಮನಿಗಳಿಂದ ನಿಜಾಮರವರೆಗೆ ನಮ್ಮ ಕಡೆಯ ಕಚೇರಿಗಳಲ್ಲಿ ಮೊದಲು ಪಾರ್ಸಿಯೂ ಆಮೇಲೆ ಉರ್ದುವೂ ನಡೆದದ್ದರ ಗುರುತುಗಳು. ‘ಪಿತ್ರಾರ್ಜಿತ’, ‘ಅವಿಭಕ್ತ’ ಸಂಸ್ಕೃತದವು. ‘ಸಬ್ ರಿಜಿಸ್ಟ್ರಾರ್’ ಇಂಗ್ಲಿಷು. ‘ಪಾಲು’, ‘ಹೊಲ’, ‘ಒಡಹುಟ್ಟಿದವರು’ ಎಂಬಷ್ಟು ಕನ್ನಡ. ಐದು ನುಡಿಗಳು ಸೇರಿ ಬರೆದ ಆ ಹಾಳೆಯ ಕೊನೆಯಲ್ಲಿ ಅಕ್ಕನಿಗಾಗಿ ಒಂದು ಇಂಟು ಗುರುತು ಹಾಕಿತ್ತು.

ಅಕ್ಕ ಬೆಳಗಿನ ಬಸ್ಸಿಗೇ ಬಂದಿದ್ದಳು. ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಒಳಗೆ ಕೊಟ್ಟು, ಕೈ ಒರೆಸಿಕೊಳ್ಳುತ್ತ ಬಂದು ಕುಳಿತು, “ಎಲ್ಲಿ ಸಹಿ ಹಾಕಬೇಕೋ ತಮ್ಮಾ? ನನಗ್ಯಾಕ ಬೇಕು ಹೊಲ? ಪಂಚಮಿಗೆ ಒಮ್ಮೆ ಕರೀರಿ, ಸಾಕು” ಎಂದಳು. ಅಣ್ಣ ಪೆನ್ನು ಮುಂದೆ ಹಿಡಿದ. ಪರದೇಶದಲ್ಲಿ ಹುಟ್ಟಿ ಬೆಳೆದು, ಕನ್ನಡವನ್ನು ಸಂಘದ ಭಾನುವಾರದ ತರಗತಿಯಲ್ಲಿ ಕಲಿತ ನನ್ನ ಮಗಳು ಅಲ್ಲಿಯೇ ಇದ್ದಳು. “ಅತ್ತೀ, ನೀವೂ ಅಜ್ಜನ ಮಗಳೇ ಅಲ್ವಾ?” ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. ಆ ಪೆನ್ನನ್ನು ಅಣ್ಣನ ಕೈಯಿಂದ ತೆಗೆದುಕೊಂಡದ್ದು ನಾನು ಎಂದು ಬರೆಯಲು ಇಷ್ಟವಾಗುತ್ತಿತ್ತು; ಸತ್ಯವೆಂದರೆ ನಾನೂ ಚಹದ ಕಪ್ಪನ್ನೇ ನೋಡುತ್ತ ಕುಳಿತಿದ್ದೆ.

ಅಕ್ಕ ಪೆನ್ನು ಹಿಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಹಣಿಯನ್ನು ತನ್ನ ಕಡೆ ಎಳೆದುಕೊಂಡು, ಕನ್ನಡಕ ತಂದಿಲ್ಲವೆಂದು ನನ್ನ ಮಗಳಿಗೆ ಒಂಬತ್ತನೆಯ ಕಾಲಂ ಓದಲು ಹೇಳಿದಳು. ಮಗಳು ಒಂದೊಂದೇ ಅಕ್ಷರ ಕೂಡಿಸಿ ಅಪ್ಪನ ಹೆಸರನ್ನು ಓದಿದಳು.

“ಅದರ ಕೆಳಗ?” ಎಂದಳು ಅಕ್ಕ.

“ಕೆಳಗೆ ಖಾಲಿ ಇದೆ, ಅತ್ತೀ.”

“ಎಷ್ಟು ಮಂದಿ ಹೆಸರು ಹಿಡಸ್ತದ ನೋಡು” ಎಂದು ಅಕ್ಕ ಪಹಣಿಯನ್ನು ಅಣ್ಣನ ಕಡೆಗೆ ಸರಿಸಿದಳು.