ಪುಸ್ತಕಕ್ಕೆ ಸೇರದ ಕಥೆಗಳು

ಪ್ರಿನ್ಸ್‌ಟನ್, ನ್ಯೂಜೆರ್ಸಿ

ತೀರ್ಥರೂಪು ಅಪ್ಪಾಜಿಯವರಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅವ್ವನ ಮಂಡಿನೋವು ಹೇಗಿದೆ? ಮಾತ್ರೆ ತಪ್ಪಿಸದ ಹಾಗೆ ನೋಡಿಕೊಳ್ಳಿ.

ಶನಿವಾರ ಸಂಜೆ ಗೆಳೆಯರೆಲ್ಲ ಸೇರಿ ಏನು ಮಾತಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದ್ದಿರಿ. ಅಮೆರಿಕದ ಲೇಖಕ ಜೆ.ಡಿ. ಸ್ಯಾಲಿಂಜರ್ ಕಥೆಗಳ ಬಗ್ಗೆ, ಅಪ್ಪಾಜಿ. 1951ರಲ್ಲಿ ಬಂದ ‘ದಿ ಕ್ಯಾಚರ್ ಇನ್ ದ ರೈ’ ಎಂಬ ಒಂದು ಕಾದಂಬರಿಯಿಂದ ಜಗತ್ತಿಗೆಲ್ಲ ಗೊತ್ತಾದವರು. ಆಮೇಲೆ ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಶ್ ಎಂಬ ಸಣ್ಣ ಊರು ಸೇರಿ, ಯಾರ ಕೈಗೂ ಸಿಗದೆ ಬದುಕಿದರು. 1965ರ ನಂತರ ಹೊಸ ಕಥೆ ಒಂದನ್ನೂ ಅಚ್ಚಿಗೆ ಕೊಡಲಿಲ್ಲ. 2010ರಲ್ಲಿ ತೀರಿಕೊಂಡರು.

1940ರಿಂದ ಪತ್ರಿಕೆಗಳಲ್ಲಿ ಬಂದ ಅವರ 20ಕ್ಕೂ ಹೆಚ್ಚು ಕಥೆಗಳನ್ನು ಅವರು ಯಾವ ಸಂಕಲನಕ್ಕೂ ಸೇರಿಸಲಿಲ್ಲ. 1974ರಲ್ಲಿ ಯಾರೋ ಅವನ್ನೆಲ್ಲ ಕದ್ದು ಅಚ್ಚು ಹಾಕಿಸಿ 2 ಸಂಪುಟ ಮಾಡಿ ಮಾರಿದರು. ಸ್ಯಾಲಿಂಜರ್ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಬಾಯಿ ಬಿಡದಿದ್ದವರು ಆಗ ನ್ಯೂಯಾರ್ಕ್ ಟೈಮ್ಸ್ ಜೊತೆ ಫೋನಿನಲ್ಲಿ ಮಾತಾಡಿದರು. ಆ ಕಥೆಗಳು ತಾವಾಗಿಯೇ ಸತ್ತುಹೋಗಲಿ ಎಂಬುದು ಅವರ ಆಸೆಯಾಗಿತ್ತು.

ಆದರೆ ಸಾಯುವಂಥ ಕಥೆಗಳಾ ಅವು! 1945ರ ಡಿಸೆಂಬರಿನಲ್ಲಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಬಂದದ್ದು ಒಂದಿದೆ. ಸ್ಕೂಲಿನಿಂದ ಹೊರಹಾಕಿಸಿಕೊಂಡ ಹುಡುಗ ರಾತ್ರಿ ಮನೆಗೆ ಬರುತ್ತಾನೆ. ಆ ಕಾದಂಬರಿಯ ನಾಯಕ ಹೋಲ್ಡನ್ನೇ ಅವನು. ತೊಟ್ಟಿಲ ಮಂಚದಲ್ಲಿ ವಯೋಲಾ ಎಂಬ ಪುಟ್ಟ ತಂಗಿ. ಆಲಿವ್ ಕಾಯಿ ಬೇಕು ಅನ್ನುತ್ತದೆ ಆ ಕೂಸು, ಹೆಸರೂ ಸರಿಯಾಗಿ ತಿರುಗದ ನಾಲಿಗೆಯಲ್ಲಿ. ಕಾದಂಬರಿಯಲ್ಲಿ ಈ ಮಗುವೇ ಇಲ್ಲ! ಪತ್ರಿಕೆ ಉಳಿದದ್ದಕ್ಕೆ ವಯೋಲಾ ಉಳಿದಳು.

ಇಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅವರ ಅಚ್ಚೇ ಆಗದ ಕಥೆಗಳೂ ಇವೆ. ಅಲ್ಲೇ ಕೂತು, ಸಿಬ್ಬಂದಿಯ ಕಣ್ಣೆದುರಿಗೇ ಓದಬೇಕು. ಅದರಲ್ಲೊಂದು 2013ರಲ್ಲಿ ಇಂಟರ್ನೆಟ್ಟಿಗೆ ಸೋರಿತು. ಓದಿದರೆ ತಪ್ಪೇನು ಎಂದು ನಮ್ಮಲ್ಲಿ ಜೋರು ಜಗಳ. ಒಮ್ಮೆ ಪತ್ರಿಕೆಯಲ್ಲಿ ಬಂದ ಕಥೆ ಓದುಗರದ್ದೂ ಹೌದು ಅನ್ನುವುದು ನನ್ನ ವಾದ. ಆದರೆ ಬರೆದವರೇ ಮುಚ್ಚಿಟ್ಟದ್ದನ್ನು ಕದ್ದು ಓದಬಾರದು. ಕಾಯಬೇಕು. ಬರೆದಿಟ್ಟದ್ದನ್ನೆಲ್ಲ ಮುಂದೆ ಪ್ರಕಟಿಸುತ್ತೇವೆ ಎಂದು ಅವರ ಮಗನೂ 2019ರಲ್ಲಿ ಹೇಳಿದ್ದಾರೆ.

ಭಾನುವಾರ ಮಂಡಕ್ಕಿ-ಮೆಣಸಿನಕಾಯಿ ಮುಂದಿಟ್ಟುಕೊಂಡು ನೀವೂ ನಿಮ್ಮ ಸ್ನೇಹಿತರೂ ಮಾತಾಡುವುದೂ ಇಂಥದ್ದೇ ಅಲ್ವಾ? ಯಾವ ದೀಪಾವಳಿ ಸಂಚಿಕೆಯಲ್ಲಿ ಯಾರ ಕಥೆ ಬಂದಿತ್ತು, ಅದು ಪುಸ್ತಕಕ್ಕೆ ಯಾಕೆ ಸೇರಲಿಲ್ಲ ಅಂತ. ಅಟ್ಟದ ಮೇಲಿರುವ ‘ಸುಧಾ’, ‘ಕಸ್ತೂರಿ’, ‘ಮಯೂರ’ ಬೈಂಡುಗಳಲ್ಲಿ ಅಂಥ ಕಥೆ ಎಷ್ಟಿವೆಯೋ. ಮನೆಗೆ ಬಣ್ಣ ಹೊಡೆಸುವಾಗ ಜಾಗ ಸಾಲದು ಅಂತ ಅವ್ವ ಅವನ್ನು ರದ್ದಿಗೆ ಹಾಕಿಬಿಟ್ಟಾಳು. ದಯವಿಟ್ಟು ಬೇಡ. ಗೆದ್ದಲು ಹತ್ತದ ಹಾಗೆ ಕಬ್ಬಿಣದ ಬೀರುವಿಗೆ ಸಾಗಿಸಿ, ದುಡ್ಡು ನಾನು ಕಳಿಸುತ್ತೇನೆ. ತಮ್ಮನ ಕೈಲಿ ಪಟ್ಟಿ ಬರೆಸಿ: ವರ್ಷ, ಸಂಚಿಕೆ, ಕಥೆ, ಬರೆದವರ ಹೆಸರು. ದಾವಣಗೆರೆಗೆ ಬಂದಾಗ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿಡುತ್ತೇನೆ. ಯಾವುದರಿಂದ ಶುರು ಮಾಡಬೇಕು ಅನ್ನುವುದನ್ನು ನೀವೇ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು