ಭಾನುವಾರ ಹಳೆ ಟೈಟೇನಿಯಂ ಸೈಕಲ್‌ಗಳ ಬಿಚ್ಚು-ಜೋಡಣೆ

ಎಲ್ಲರಿಗೂ ಶರಣು ಶರಣಾರ್ಥಿ.

ಈ ಭಾನುವಾರ ಬೆಳಿಗ್ಗೆ 6:30ಕ್ಕೆ ಅಪ್ಪನ ಕೆರೆ ಹತ್ತಿರ ಸೇರೋಣ. ಒಂಬತ್ತರೊಳಗೆ ಮುಗಿಸಬೇಕು, ಆಮೇಲೆ ಕಲಬುರಗಿ ಬಿಸಿಲು ಕೂರಗೊಡಲ್ಲ. ಹಳೆ ಟೈಟೇನಿಯಂ ರೋಡ್ ಬೈಕ್ ಇರುವವರು, ಕೊಳ್ಳಬೇಕು ಅನ್ನುವವರು ಇಬ್ಬರೂ ಬನ್ನಿ.

ಮುಖ್ಯ ವಿಷಯ ಸೀಟ್‌ಪೋಸ್ಟ್, ಅಂದರೆ ಸೀಟನ್ನು ಹೊತ್ತು ಫ್ರೇಮ್ ಒಳಗೆ ಇಳಿಯುವ ಕೊಳವೆ. ಟೈಟೇನಿಯಂ ತುಕ್ಕು ಹಿಡಿಯಲ್ಲ ನಿಜ, ಆದರೆ ಅದರೊಳಗಿನ ಅಲ್ಯೂಮಿನಿಯಂ ಪೋಸ್ಟ್ ಬೆವರು, ಮಳೆನೀರು ತಾಗಿ ಸವೆದು ಉಬ್ಬಿ ಕಚ್ಚಿಕೊಳ್ಳುತ್ತದೆ. ನನ್ನದನ್ನು ಬಿಡಿಸಲು ಎರಡು ದಿನ ಹಿಡಿಯಿತು, ಕೊನೆಗೆ ಪೋಸ್ಟನ್ನೇ ಕೊಯ್ಯಬೇಕಾಯಿತು. ಅದಕ್ಕೇ ಕೈಮುಗಿದು ಕೇಳುತ್ತೇನೆ, ಈಗಲೇ ಬಿಚ್ಚಿ, ಒರೆಸಿ, ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಝ್ ಪೇಸ್ಟ್ ಹಚ್ಚಿ. ವರ್ಷಕ್ಕೆರಡು ಸಲ ಇದು ಆಗಲೇಬೇಕು.

ಮನೆಯಲ್ಲೇ ಫ್ರೇಮ್ ತೊಳೆದು, ಬೆಸುಗೆ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಎಂದು ಟಾರ್ಚ್ ಹಿಡಿದು ನೋಡಿ, ಪೆಡಲ್ ಬುಡದ ಹತ್ತಿರ ವಿಶೇಷವಾಗಿ. ಬಿರುಕು ಕಂಡರೆ ಓಡಿಸಬೇಡಿ, ಫೋಟೋ ಹಾಕಿ. ಫ್ರೇಮ್‌ನಲ್ಲಿ ಹಿಂದಿನ ಚಕ್ರ ಕೂರುವ ಜಾಗದ ಒಳ ಅಗಲ ಅಳೆದುಕೊಂಡು ಬನ್ನಿ: 126 ಮಿ.ಮೀ. ಇದ್ದರೆ ಹಳೆ ಏಳು ಗೇರಿನ ಕಾಲದ್ದು, 130 ಇದ್ದರೆ ಹೊಸ ಚಕ್ರ ಸಿಗುವುದು ಸುಲಭ. ಉಕ್ಕಿನ ಫ್ರೇಮನ್ನು ಮಾಡುವ ಹಾಗೆ ಇದನ್ನು ಎಳೆದು ಅಗಲ ಮಾಡಲು ಹೋಗಬೇಡಿ. ಟೈಟೇನಿಯಂ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ, ಬಲ ಹಾಕಿದರೆ ಬೆಸುಗೆಗೆ ಪೆಟ್ಟು.

ಇಂಗ್ಲಿಷ್ ಥ್ರೆಡ್ (ಒಂದು ಬಗೆಯ ತಿರುಪು) ಇರುವ ಬಾಟಮ್ ಬ್ರಾಕೆಟ್‌ನಲ್ಲಿ, ಅಂದರೆ ಪೆಡಲ್‌ಗಳ ಅಚ್ಚು ಕೂರುವ ಭಾಗದಲ್ಲಿ, ಚೈನ್ ಕಡೆಯ ಕಪ್ (ಬೇರಿಂಗ್ ಹಿಡಿಯುವ ಬಳೆ) ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅವಸರ ಮಾಡಿ ಥ್ರೆಡ್ ಕೆಡಿಸಬೇಡಿ.

ಪೇಸ್ಟ್ ನಾನು ತರುತ್ತೇನೆ. ಎಷ್ಟು ಬಿಗಿ ಎಂದು ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಯಾರ ಹತ್ತಿರ ಇದೆ? ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಸೀಟ್‌ಪೋಸ್ಟ್ ಅಳತೆ ಇಲ್ಲೇ ತಿಳಿಸಿ.