ಕಾದು ಕುಳಿತವರಿಗೆ ನನ್ನ ನಮಸ್ಕಾರ

ಮೊನ್ನೆ ರಿಸಲ್ಟ್ ಬಂತು. ಕೊಪ್ಪಳದ ಹತ್ತಿರದ ನಮ್ಮ ಪುಟ್ಟ ವಸತಿ ಪ್ರೌಢಶಾಲೆಯಿಂದ ಮೊದಲ ಸಲ 9 ಮಕ್ಕಳು ಎಸ್ಸೆಸ್ಸೆಲ್ಸಿ ಬರೆದಿದ್ದರು. 7 ಜನ ಪಾಸು. ಉಳಿದಿಬ್ಬರು ಪರೀಕ್ಷೆ-2ಕ್ಕೆ ಕೂತಿದ್ದಾರೆ. ಇದನ್ನು ಬರೆಯುವಾಗಲೂ ಪಕ್ಕದ ಕೋಣೆಯಲ್ಲಿ ಅವರು ಸಮಾಜ ವಿಜ್ಞಾನ ಗಟ್ಟಿಯಾಗಿ ಓದುತ್ತಿರುವುದು ಕೇಳಿಸುತ್ತಿದೆ. ಈ ಶಾಲೆಯ ಮುಖ್ಯ ಶಿಕ್ಷಕಿಯಾಗಿ ನಾನು ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು.

ನಮ್ಮ ಮಕ್ಕಳು ದಡ್ಡರಲ್ಲ. ಸಿಟ್ಟು ಬಂದರೆ ಬೆಂಚು ಎತ್ತಿ ಒಗೆಯುವವರು, ವಾರಗಟ್ಟಲೆ ಬಾಯಿ ಬಿಡದವರು, ತಮ್ಮ ಕೈಯನ್ನೇ ಕಚ್ಚಿಕೊಳ್ಳುವವರು, ಗೋಡೆ ಹಾರಿ ಓಡುವವರು. ಬಹಳ ಮಕ್ಕಳು ಹಿಂದಿನ ಶಾಲೆಯಲ್ಲಿ ಟಿಸಿ ಕೊಡಿಸಿಕೊಂಡು ಬಂದವರು. ಕೆಲವರ ಅಪ್ಪ-ಅವ್ವ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ.

ಮೊದಲ ನಮಸ್ಕಾರ ನಮ್ಮ ಅಡುಗೆ ಅಕ್ಕನಿಗೆ. ನಾನು ಬಂದ ಎರಡನೇ ವಾರ, ಸೋಮವಾರ ಮಧ್ಯಾಹ್ನ, ಒಬ್ಬ ಹುಡುಗ ಊಟದ ತಟ್ಟೆ ಬೀಸಿ ಒಗೆದ. ಗೋಡೆ ತುಂಬಾ ಸಾರು. ಸ್ಟೀಲ್ ತಟ್ಟೆ ನೆಲದ ಮೇಲೆ ಗಿರಗಿರ ತಿರುಗಿ ನಿಲ್ಲುವ ತನಕ ಯಾರೂ ಉಸಿರು ಬಿಡಲಿಲ್ಲ. ನಾನು ಗದರಿಸಲು ಎದ್ದೆ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದರು. "ಕುಂದರ್ರಿ ಅಕ್ಕೋರ. ಅವಗ ಈಗ ನಿಮ್ಮ ಮಾತು ಕೇಳ್ಸೂದಿಲ್ಲ" ಅಂದರು. ಬೇರೆ ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ ಬೇವಿನ ಮರದ ಕಟ್ಟೆ ಮೇಲಿಟ್ಟು, ಅವನ ಕಡೆ ತಿರುಗಿಯೂ ನೋಡದೆ ಪಾತ್ರೆ ತೊಳೆಯಲು ಕೂತರು. ಇಪ್ಪತ್ತು ನಿಮಿಷ ಆಗಿರಬೇಕು. ಹುಡುಗ ಹೋಗಿ ಕಟ್ಟೆ ಮೇಲೆ ಕೂತು ಉಂಡ. ಆಮೇಲೆ ತಾನೇ ಬಂದು, "ಒರಸೋ ಬಟ್ಟಿ ಎಲ್ಲೈತಿ?" ಅಂತ ಕೇಳಿದ.

ಬಿ.ಎಡ್‌ನಲ್ಲಿ ನಾನು ಕಲಿಯದ ಪಾಠ ಅದು. ಅಂದಿನಿಂದ ಆ ಕಟ್ಟೆಗೆ ಹೋಗಿ ಕೂರಲು ಯಾವ ಮಗುವೂ ಪರ್ಮಿಷನ್ ಕೇಳಬೇಕಿಲ್ಲ.

ಹಿಂದಿನ ದಿನ ಆ ಹುಡುಗನಿಗೆ ಮನೆಯಿಂದ ಫೋನ್ ಬಂದಿರಲಿಲ್ಲ. ಅದನ್ನು ಪತ್ತೆ ಮಾಡಿದ್ದು ವಾರ್ಡನ್ ಸರ್. ಅವರು ಒಂದು ನೋಟ್‌ಬುಕ್ ಇಟ್ಟರು. ಪ್ರತಿ ಗಲಾಟೆಗೂ ಮೂರೇ ಸಾಲು: ಅದಕ್ಕೆ ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ಮೂರು ತಿಂಗಳ ನಂತರ ತಿರುವಿ ನೋಡಿದರೆ ಸೋಮವಾರಗಳೇ ಜಾಸ್ತಿ! ಈಗ ಭಾನುವಾರ ಸಂಜೆ ಅಪ್ಪ-ಅವ್ವನ ಫೋನ್ ಸ್ವಿಚ್ ಆಫ್ ಇದ್ದರೆ ಸರ್ ಮೇಸ್ತ್ರಿಗೆ ಹಚ್ಚುತ್ತಾರೆ, ಸಿಗುವ ತನಕ ಬಿಡುವುದಿಲ್ಲ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ಕೌನ್ಸೆಲರ್ ಮೇಡಂಗೂ ನಾನು ಋಣಿ. ಬಹಳ ಜನರಿಗೆ ಗೊತ್ತಿಲ್ಲ, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೂ ತರಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. "ಹುಚ್ಚರ ಡಾಕ್ಟರ್ ಹತ್ರ ಯಾಕ್ರಿ?" ಅಂತ ಕೇಳುವ ಪೋಷಕರಿಗೆ ನಾನು ಬಳ್ಳಾರಿಯ ಈ ಕಥೆ ಹೇಳುತ್ತೇನೆ. ನಮ್ಮೂರ ಕಡೆಯದು ಅಂದಾಗ ಅವರ ಮುಖ ಸ್ವಲ್ಪ ಸಡಿಲ ಆಗುತ್ತದೆ.

ಶನಿವಾರ ಕಿನ್ನಾಳದಿಂದ ಬಂದು ಗೊಂಬೆ ಮಾಡುವುದನ್ನು ಕಲಿಸಿದ ಹಿರಿಯರಿಗೂ ನಮಸ್ಕಾರ. ಹುಣಸೆ ಬೀಜದ ಅಂಟು ಒಣಗುವ ತನಕ ಗೊಂಬೆಗೆ ಬಣ್ಣ ಮುಟ್ಟಿಸುವಂತಿಲ್ಲ. ಐದು ನಿಮಿಷ ಒಂದು ಕಡೆ ಕೂರದ ಹುಡುಗಿ ಅಲ್ಲಿ ಅಲ್ಲಾಡದೆ ಕೂತಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ತಟ್ಟೆ ಒಗೆದ ಹುಡುಗನ ಅಪ್ಪ ಮೊದಲ ಸಲ ಬಂದಾಗ, "ಎರಡು ಬಿಡ್ರಿ ಅಕ್ಕೋರ, ಸುಮ್ನಾಗ್ತಾನ" ಅಂದಿದ್ದರು. ಮಕ್ಕಳಿಗೆ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ಹೇಳುತ್ತದೆ. ಆದರೆ ಅವರ ಮನಸ್ಸು ಬದಲಾಗಿದ್ದು ಕಾಯ್ದೆಯಿಂದಲ್ಲ. ರಜೆಗೆ ಮನೆಗೆ ಹೋದ ಮಗ ಸಿಟ್ಟು ಬಂದಾಗ ಎದ್ದು ಹೋಗಿ ಅಂಗಳದಲ್ಲಿ ಕೂತು, ತಾನೇ ವಾಪಸ್ ಬಂದ. ಅದನ್ನು ಕಣ್ಣಾರೆ ನೋಡಿದರು.

ಈ ಮಕ್ಕಳಿಗೆ ಪ್ರಶ್ನೆಪತ್ರಿಕೆಗಿಂತ ಕಷ್ಟ ಮೂರೂಕಾಲು ಗಂಟೆ ಒಂದೇ ಕಡೆ ಕೂರುವುದು. ಡಿಸೆಂಬರ್‌ನಿಂದಲೇ ಅದನ್ನು ಅಭ್ಯಾಸ ಮಾಡಿಸಿದೆವು. ಗಣಿತದ ದಿನ ಕೇಂದ್ರದ 200 ಮೀಟರ್ ಆಚೆ, ಮಿರ್ಚಿ ಅಂಗಡಿ ಪಕ್ಕ ನಾನು ನಿಂತೇ ಇದ್ದೆ. ಒಳಗೆ ಆ ತಟ್ಟೆ ಒಗೆದ ಹುಡುಗನ ಕಾಲು ನಡುಗತೊಡಗಿತಂತೆ. ಕೊಠಡಿ ಮೇಲ್ವಿಚಾರಕರು ಬೈಯಲಿಲ್ಲ. "ನೀರು ಕುಡಿಯಪ್ಪಾ" ಅಂದು ಎರಡು ನಿಮಿಷ ಕಿಟಕಿ ಹತ್ತಿರ ನಿಲ್ಲಲು ಬಿಟ್ಟರು. ಆ ಪುಣ್ಯಾತ್ಮರ ಹೆಸರು ನನಗೆ ಗೊತ್ತಿಲ್ಲ. ಸರ್, ಇದು ನಿಮ್ಮ ಕಣ್ಣಿಗೆ ಬಿದ್ದರೆ, ಆ ಹುಡುಗ ಗಣಿತದಲ್ಲಿ 41 ತೆಗೆದಿದ್ದಾನೆ.

ರಿಸಲ್ಟ್ ಹೇಳಲು ಅವನ ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ಕಾಂಕ್ರೀಟ್ ಮಿಕ್ಸರ್ ಸದ್ದು. ಎರಡು ಸಲ ಕೂಗಿ ಹೇಳಬೇಕಾಯಿತು. ಸ್ವಲ್ಪ ಹೊತ್ತು ಅವರು ಏನೂ ಮಾತಾಡಲಿಲ್ಲ. ಮಿಕ್ಸರ್ ಸದ್ದು ನಿಂತಿತು. ಆಮೇಲೆ ಅಂದರು: "ಫೋನ್ ಅವನ ಕೈಗೆ ಕೊಡ್ರಿ, ಅಕ್ಕೋರ."